ಟರ್ಬೊ ಹೋಗಿದೆ ಅನ್ನುವ ಮುಂಚೆ

ಹಳೆಯ ಟರ್ಬೊ ಕಾರು ಬೆಳಗ್ಗೆ ಸ್ಟಾರ್ಟ್ ಆದ ಕೂಡಲೇ ಸೈಲೆನ್ಸರಿನಿಂದ ಹೊಗೆ ಉಗುಳಿತು ಎಂದು ಗ್ಯಾರೇಜಿಗೆ ಹೋಗಿ ಹೇಳಿ ನೋಡಿ. ಬಾನೆಟ್ ಎತ್ತುವುದಕ್ಕೂ ಮೊದಲೇ ತೀರ್ಪು ಬರುತ್ತದೆ: "ಸಾರ್, ಟರ್ಬೊ ಹೋಗಿದೆ." ಟರ್ಬೊ ದುಬಾರಿ ಸಾಮಾನು, ಸುಲಭಕ್ಕೆ ಕಣ್ಣಿಗೆ ಬೀಳುವ ಜಾಗದಲ್ಲಿಲ್ಲ, ಮಾಲೀಕನಿಗೆ ಅದರ ಹೆಸರು ಕೇಳಿದರೇ ಭಯ. ಅಪವಾದ ಹೊರಿಸಲು ಇದಕ್ಕಿಂತ ಅನುಕೂಲದ ಭಾಗ ಇನ್ನೊಂದಿಲ್ಲ. ನನ್ನ ತಕರಾರು ಏನೆಂದರೆ, ಹೊಗೆಯ ಬಣ್ಣ ನೋಡುವವರು ಬೇಕಾದಷ್ಟು ಜನ ಇದ್ದಾರೆ, ಗಡಿಯಾರ ನೋಡುವವರು ಕಡಿಮೆ. ಹೊಗೆ ಯಾವಾಗ ಶುರುವಾಯಿತು, ಎಷ್ಟು ಹೊತ್ತು ನಿಂತಿತು, ಮತ್ತೆ ಯಾವಾಗ ಬಂತು ಎನ್ನುವುದು ಸರಿಯಾಗಿ ಗೊತ್ತಿದ್ದರೆ ಸ್ಪ್ಯಾನರ್ ಮುಟ್ಟುವ ಮುಂಚೆಯೇ ಅರ್ಧ ಕೆಲಸ ಮುಗಿದಿರುತ್ತದೆ.

2004ರಲ್ಲಿ ನಮ್ಮ ದೇಶಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರನ್ನೇ ತೆಗೆದುಕೊಳ್ಳೋಣ. 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 150 ಅಶ್ವಶಕ್ತಿ. ಇವತ್ತಿಗೂ ಅದನ್ನು ಮಾರದೆ ಇಟ್ಟುಕೊಂಡವರು ಇದ್ದಾರೆ, ಅವರ ಹಟ ನನಗೆ ಅರ್ಥವಾಗುತ್ತದೆ. ಈ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೂ ಐದು ವಾಲ್ವ್: ಗಾಳಿ ಎಳೆದುಕೊಳ್ಳಲು ಮೂರು, ಹೊಗೆ ಬಿಡಲು ಎರಡು. ನಾಲ್ಕು ಸಿಲಿಂಡರಿಗೆ ಇಪ್ಪತ್ತು ವಾಲ್ವ್, ಅವುಗಳ ಕಡ್ಡಿಗಳ ಮೇಲೆ ಕೂರುವ ಪುಟ್ಟ ರಬ್ಬರ್ ಸೀಲುಗಳೂ ಇಪ್ಪತ್ತು. ಇಷ್ಟು ವರ್ಷ ಬಿಸಿ ಆಯಿಲಿನಲ್ಲಿ ಬೆಂದ ರಬ್ಬರ್ ಗಟ್ಟಿಯಾಗದೆ ಇರುವುದಿಲ್ಲ.

ಬಣ್ಣದ ಪಾಠ ಎಲ್ಲರಿಗೂ ಗೊತ್ತಿರುವುದೇ. ನೀಲಿ ಆದರೆ ಆಯಿಲ್, ಕಪ್ಪು ಆದರೆ ಪೆಟ್ರೋಲ್ ಹೆಚ್ಚು ಗಾಳಿ ಕಡಿಮೆ, ಬಿಳಿ ಆದರೆ ನೀರು ಅಥವಾ ಕೂಲಂಟ್. ಬಿಳಿಯ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರೇ ಹುಟ್ಟುತ್ತದೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಆ ಆವಿ ತಣ್ಣನೆಯ ಪೈಪಿನಿಂದ ಬಿಳಿಯಾಗಿ ಹೊರಬಂದು ಎರಡು ಮಾರು ದೂರದಲ್ಲೇ ಮಾಯವಾದರೆ ಅದು ರೋಗವಲ್ಲ. ಸೈಲೆನ್ಸರಿನ ಹಿಂದಿನ ಗೋಡೆಗೆ ಕಪ್ಪು ನೀರಿನ ಹನಿ ಸಿಡಿದರೂ ಗಾಬರಿ ಬೇಡ, ಮಸಿಯೂ ಆ ನೀರೂ ಸೇರಿದ್ದು ಅಷ್ಟೇ. ಆಯಿಲ್ ಹೊಗೆ ಹೀಗೆ ಮಾಯವಾಗುವುದಿಲ್ಲ, ತೆಳ್ಳಗಾಗುತ್ತಾ ಗಾಳಿಯಲ್ಲೇ ತೇಲುತ್ತದೆ. ಕೂಲಂಟ್ ಹೊಗೆಗೆ ಸಿಹಿ ವಾಸನೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಟ್ಯಾಂಕಿನಲ್ಲಿ ಕೂಲಂಟ್ ಇಳಿಯುತ್ತಾ, ಬೆಳಗ್ಗೆ ಎಂಜಿನ್ ಒಂದು ಸಿಲಿಂಡರ್ ಬಿಟ್ಟು ಓಡಿದಂತೆ ಅದುರಿದರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು.

ಈಗ ನೀಲಿ. ಕೀ ತಿರುಗಿಸಿದ ಕ್ಷಣವೇ ಒಂದು ಮೋಡ ಬಂದು ಕೆಲವೇ ಸೆಕೆಂಡಿನಲ್ಲಿ ನಿಂತುಹೋದರೆ, ಸುಟ್ಟಿದ್ದು ಸಿಲಿಂಡರಿನ ಒಳಗೇ ಇದ್ದ ಆಯಿಲ್. ರಾತ್ರಿಯಿಡೀ ವಾಲ್ವ್ ಸೀಲಿನ ಸಂದಿಯಿಂದ ಹನಿಹನಿಯಾಗಿ ಇಳಿದಿದ್ದು. ಅದೇ ಕಾರು ಸಿಗ್ನಲ್ಲಿನಲ್ಲಿ ಐದು ನಿಮಿಷ ನಿಂತು ಹೊರಟಾಗಲೂ, ಆಗುಂಬೆಯಂಥ ಘಾಟಿಯಲ್ಲಿ ಗೇರಿನಲ್ಲೇ ಇಳಿದು ಕೆಳಗೆ ಆಕ್ಸಿಲರೇಟರ್ ಒತ್ತಿದಾಗಲೂ ಹೊಗೆ ಬಿಟ್ಟರೆ ಅನುಮಾನ ಇನ್ನೂ ಗಟ್ಟಿ. ಪೆಟ್ರೋಲ್ ಎಂಜಿನ್ನಿನಲ್ಲಿ ಥ್ರಾಟಲ್ ಮುಚ್ಚಿದ್ದಾಗ ಒಳಗೆ ಜೋರು ನಿರ್ವಾತ, ಅದು ಸೀಲಿನ ಮೂಲಕ ಆಯಿಲನ್ನು ಎಳೆದುಕೊಳ್ಳುತ್ತದೆ. ಆದರೆ ಸ್ಟಾರ್ಟ್ ಆದಾಗ ಏನೂ ಇಲ್ಲದೆ, ಒಂದೆರಡು ನಿಮಿಷ ಕಳೆದು ಪೈಪ್ ಕಾದ ಮೇಲೆ ದಟ್ಟವಾಗಿ ಬರಲು ಶುರುವಾದರೆ ಕಥೆ ಬೇರೆ. ಆಯಿಲ್ ಎಂಜಿನ್ನಿನಲ್ಲಿಲ್ಲ, ಆಚೆಯ ಎಕ್ಸಾಸ್ಟ್ ಪೈಪಿನಲ್ಲಿ ನಿಂತಿದೆ. ಟರ್ಬೊ ಹೆಸರು ತೆಗೆಯಬೇಕಾದ್ದು ಇಲ್ಲಿ.

ತೆಗೆದರೂ ಅದನ್ನೇ ತಪ್ಪಿತಸ್ಥ ಅನ್ನಲು ಆತುರ ಬೇಡ. ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ, ಅದನ್ನು ಎತ್ತಿ ಹಿಡಿದಿರುವುದು ಆಯಿಲಿನ ತೆಳು ಪದರ. ಆ ವೇಗಕ್ಕೆ, ಆ ಬಿಸಿಗೆ ರಬ್ಬರ್ ಸೀಲ್ ಉಳಿಯುವುದಿಲ್ಲ. ಎರಡೂ ತುದಿಯಲ್ಲಿರುವುದು ಪಿಸ್ಟನ್ ರಿಂಗಿನ ಜಾತಿಯ ಸಣ್ಣ ಲೋಹದ ಬಳೆಗಳು. ಆಯಿಲ್ ಒಳಗೆ ಬರುವುದು ಪಂಪಿನ ಒತ್ತಡದಿಂದ, ಹೊರಗೆ ಹೋಗುವುದು ಬರೀ ತನ್ನ ಭಾರದಿಂದ, ದಪ್ಪ ಪೈಪೊಂದರಲ್ಲಿ ಇಳಿದು ಎಂಜಿನ್ನಿನ ತಳದ ಆಯಿಲ್ ಸಂಪಿಗೆ. ಆ ದಾರಿ ಕಟ್ಟಿದರೆ, ಅಥವಾ ಸಂಪಿನೊಳಗೇ ಒತ್ತಡ ಏರಿ ಆಯಿಲನ್ನು ಇಳಿಯಗೊಡದಿದ್ದರೆ, ಹೊಚ್ಚ ಹೊಸ ಟರ್ಬೊ ಕೂಡ ಬಳೆ ದಾಟಿಸಿ ಆಯಿಲ್ ಕಕ್ಕುತ್ತದೆ. ಟರ್ಬೊ ಬದಲಿಸಿದ ವಾರದಲ್ಲೇ ಹೊಗೆ ವಾಪಸ್ ಬಂದ ಕಾರುಗಳನ್ನು ವಿಚಾರಿಸಿದರೆ ಎಷ್ಟೋ ಬಾರಿ ಸಿಗುವ ಉತ್ತರ ಇದೇ.

ಆಕ್ಟೇವಿಯಾದ ಈ ಎಂಜಿನ್ನಿನಲ್ಲಿ ಒತ್ತಡ ಏರಲು ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಸಂಪಿನ ಆವಿ ಹೊರಹೋಗಲು ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ರಬ್ಬರ್ ಪೈಪುಗಳ, ಒಂದೇ ದಿಕ್ಕಿಗೆ ಬಿಡುವ ವಾಲ್ವುಗಳ ದೊಡ್ಡ ಸಂಸಾರವೇ ಇದೆ. ಹಳೆಯದಾದ ಪೈಪನ್ನು ಕೈಯಲ್ಲಿ ಅದುಮಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಆ ವಾಲ್ವ್ ಕೆಟ್ಟರೆ ಟರ್ಬೊ ತುಂಬಿಸುವ ಗಾಳಿಯೇ ಹಿಮ್ಮುಖವಾಗಿ ಸಂಪಿಗೆ ನುಗ್ಗುತ್ತದೆ. ನಮ್ಮ ಮೆಕ್ಯಾನಿಕ್‌ಗಳು 'ಬ್ಯಾಕ್ ಕಂಪ್ರೆಷನ್' ಅನ್ನುವ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು ಅಲ್ಲೇ ಸಡಿಲವಾಗಿಡಿ. ಐಡ್ಲಿಂಗಿನಲ್ಲಿ ಪೆಟ್ರೋಲ್ ಎಂಜಿನ್ ಅದನ್ನು ಮೆಲ್ಲಗೆ ಒಳಕ್ಕೆ ಎಳೆಯಬೇಕು. ಮುಚ್ಚಳ ಕುಣಿದರೆ ಒಂದೋ ಉಸಿರಿನ ಪೈಪು ಕಟ್ಟಿದೆ, ಇಲ್ಲವೇ ರಿಂಗ್ ಸವೆದಿದೆ. ಯಾವುದೆಂದು ತಿಳಿಯಲು ಕಂಪ್ರೆಷನ್ ಗೇಜ್ ಹಾಕಿ, ಅಳತೆ ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಏರಿದರೆ ರಿಂಗ್.

ಮೈಸೂರು ರಸ್ತೆಯ ಗ್ಯಾರೇಜೊಂದರಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರು ತಪ್ಪು ಟರ್ಬೊದ್ದೋ ಎಂಜಿನ್ನಿನದೋ ಎಂಬ ಜಗಳ ತೀರ್ಮಾನಿಸುವುದನ್ನು ಹತ್ತಿರದಿಂದ ನೋಡಿದ್ದೇನೆ. ಟರ್ಬೊ ಹಿಂದಿನ ಪೈಪ್ ಬಿಚ್ಚಿಸಿ ಬಿಳಿ ಬಟ್ಟೆ ಸುತ್ತಿದ ಬೆರಳನ್ನು ಒಳಗೆ ಆಡಿಸಿದರು. ಬಟ್ಟೆಗೆ ಒದ್ದೆ ಕಪ್ಪು ಹತ್ತಿತು. ಆಮೇಲೆ ಟರ್ಬೊ ಇಳಿಸಿ, ಹೆಡ್ಡಿನ ಎಕ್ಸಾಸ್ಟ್ ಬಾಯಿಗಳಿಗೆ ಒಂದೊಂದಾಗಿ ಹೊಸ ಬಟ್ಟೆ. ಮೂರು ಬಾಯಿ ಒಣ ಬೂದು, ಒಂದರಲ್ಲಿ ಜಿಗುಟು. "ನೋಡಿ ಸಾರ್, ಇದು ಮೇಲಿಂದ ಬಂದಿರೋದು. ಪಾಪ, ಟರ್ಬೊದ್ದೇನೂ ತಪ್ಪಿಲ್ಲ" ಅಂದರು. ನಾಲ್ಕೂ ಬಾಯಿ ಒಣಗಿದ್ದು ಟರ್ಬೊದಾಚೆ ಮಾತ್ರ ಒದ್ದೆಯಾಗಿದ್ದರೆ ಅವರ ಮಾತು ತಿರುಗುತ್ತಿತ್ತು. ಆಮೇಲೆ ಶಾಫ್ಟ್ ಹಿಡಿದು ಅಲ್ಲಾಡಿಸಿ ತೋರಿಸಿದರು. ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಟ ಇರಲೇಬೇಕು, ಆಯಿಲಿಗೆ ಜಾಗ ಬೇಕಲ್ಲ. ಹಿಂದಕ್ಕೂ ಮುಂದಕ್ಕೂ ಬೆರಳಿಗೆ ಗೊತ್ತಾಗುವಷ್ಟು ಜಗ್ಗಿದರೆ, ರೆಕ್ಕೆ ಗೋಡೆಗೆ ತಾಗಿದ ಗೀರು ಕಂಡರೆ, ಅದರ ಕಾಲ ಮುಗಿಯಿತು.

ಡೀಸೆಲ್ ಕಾರಿನವರಿಗೆ ಇಲ್ಲಿ ಒಂದೇ ಮಾತು. ಬೆಳಗಿನ ಹೊಗೆ ಬಿಳಿ ಬೂದು ಬಣ್ಣದ್ದಾಗಿ ಕಣ್ಣು ಉರಿಸಿದರೆ ಅದು ಉರಿಯದೆ ಬಂದ ಡೀಸೆಲ್. ಮೊದಲು ಮಲ್ಟಿಮೀಟರಿನಲ್ಲಿ ಹೀಟರ್ ಪ್ಲಗ್ ನೋಡಿ, ಆಮೇಲೆ ಇಂಜೆಕ್ಟರ್.

ಹಳೆಯ ಟರ್ಬೊ ಕಾರು ಕೊಳ್ಳಲು ಹೋದವರು ಮೊದಲು ಬಾನೆಟ್ ಮೇಲೆ ಕೈ ಇಡಬೇಕು. "ನೀವು ಬರ್ತೀರಂತ ಬ್ಯಾಟರಿ ಚೆಕ್ ಮಾಡೋಕೆ ಒಂದು ಸಲ ಸ್ಟಾರ್ಟ್ ಮಾಡಿದ್ದೆ" ಎಂದು ಮಾರುವವರು ನಕ್ಕರೆ, ನೀವೂ ನಕ್ಕು ಮರುದಿನ ಬೆಳಗ್ಗೆ ಬರುತ್ತೇನೆಂದು ಹೊರಡಿ. ಎಮಿಷನ್ ಟೆಸ್ಟಿನ ಚೀಟಿ ಇಲ್ಲಿ ಸಾಕ್ಷಿಯಲ್ಲ. ಅದು ಬಿಸಿ ಎಂಜಿನ್ನಿನದು, ರಾತ್ರಿ ಇಳಿದ ಹನಿ ಅಷ್ಟರಲ್ಲಿ ಸುಟ್ಟುಹೋಗಿರುತ್ತದೆ. ಹೊಗೆ ನಿಲ್ಲಿಸುವ ಡಬ್ಬಿಗಳ ಬಗ್ಗೆ ನನಗೆ ಗೌರವವಿಲ್ಲ. ಗಟ್ಟಿ ಆಯಿಲ್ ತುಂಬಿಸಿ ಮರೆಮಾಚುವುದು ಇನ್ನೂ ಕೆಟ್ಟದ್ದು, ಟರ್ಬೊಗೆ ಬೆಳಗ್ಗೆ ಬೇಕಾದ ಆಯಿಲ್ ಅದರಿಂದ ತಡವಾಗಿ ತಲುಪುತ್ತದೆ.

ಹೊಗೆ ಎರಡು ಮೂರು ಸೆಕೆಂಡಿನದು, ಪ್ಲಗ್ಗುಗಳು ಒಣಗಿವೆ, ಡಿಪ್‌ಸ್ಟಿಕ್‌ನಲ್ಲಿ ಗುರುತು ನಿಧಾನಕ್ಕೆ ಇಳಿಯುತ್ತಿದೆ ಎಂದಾದರೆ ನಾನಂತೂ ಇಪ್ಪತ್ತು ಸೀಲಿಗಾಗಿ ಈಗಲೇ ಕ್ಯಾಮ್‌ಶಾಫ್ಟ್ ಬಿಚ್ಚಿಸುವುದಿಲ್ಲ. ಟೈಮಿಂಗ್ ಬೆಲ್ಟ್ ಬದಲಿಸುವ ದಿನಕ್ಕೆ ಕಾಯುತ್ತೇನೆ. ಹೆಡ್ ಇಳಿಸಬೇಕಾಗಿಲ್ಲ, ಪ್ಲಗ್ ತೂತಿನಿಂದ ಸಿಲಿಂಡರಿಗೆ ಗಾಳಿ ತುಂಬಿ ವಾಲ್ವ್ ಕೆಳಗೆ ಬೀಳದಂತೆ ಹಿಡಿದು ಮೇಲಿನಿಂದಲೇ ಸೀಲ್ ಬದಲಿಸಬಹುದು. ಎರಡು ಕ್ಯಾಮುಗಳ ನಡುವಿನ ಚೈನ್ ಟೆನ್ಷನರಿನ ಅಡಿಯ ಗ್ಯಾಸ್ಕೆಟ್ಟನ್ನೂ ಅದೇ ದಿನ ಹಾಕಿಸಿ. ಸಣ್ಣ ಸಾಮಾನು, ಆದರೆ ಇಷ್ಟೆಲ್ಲ ಮತ್ತೆ ಬಿಚ್ಚದೆ ಅದು ಕೈಗೆ ಸಿಗುವುದಿಲ್ಲ.