ತ್ರುಟಿತ ನಾಮಗಳೂ ಊರುಗಳ ಪಟ್ಟಿಯೂ

ಒಡೆದ ಕಲ್ಲಿನಲ್ಲಿ ಉಳಿದ ಎರಡು ಮೂರು ಅಕ್ಷರಗಳನ್ನು ಗ್ರಾಮಗಳ ಪಟ್ಟಿಯೊಡನೆ ಹೋಲಿಸಿ ಊರನ್ನು ಗೊತ್ತುಮಾಡುವುದು ಶಾಸನಸಂಶೋಧಕರ ಹಳೆಯ ಕ್ರಮ. ಆ ಕೆಲಸವನ್ನು ಗಣಕದ ದತ್ತಸಂಚಯಕ್ಕೆ ಒಪ್ಪಿಸುವುದು ಈಗ ಸಾಧ್ಯವಾಗಿದೆ. ಇದರಿಂದ ಶ್ರಮವೇನೋ ಉಳಿಯುವುದು. ನಿರ್ಣಯವನ್ನೂ ಯಂತ್ರಕ್ಕೆ ಬಿಡಬಹುದೆ ಎಂಬುದು ವಿಚಾರಣೀಯ. ಹೋಲಿಕೆ ತಪ್ಪಿದರೆ ಒಂದು ದೇವಾಲಯದ ದತ್ತಿ ಮತ್ತೊಂದು ಊರಿನ ಚರಿತ್ರೆಗೆ ಸೇರಿಹೋಗುವುದಷ್ಟೆ.

ಯಂತ್ರದ ಪ್ರಶ್ನಾಭಾಷೆಯಲ್ಲಿ ‘ಇನ್’ ಎಂಬ ಪದವು ಹೆಸರು ಪೂರ್ಣವಾಗಿ ಒಪ್ಪಿದರೆ ಮಾತ್ರ ಪಟ್ಟಿಯಿಂದ ಎತ್ತಿಕೊಡುತ್ತದೆ. ‘ಲೈಕ್’ ಎಂಬುದು ಶೇಕಡಾ ಚಿಹ್ನೆಯ ನೆರವಿನಿಂದ ಹೆಸರಿನ ಖಂಡವನ್ನೂ ಹಿಡಿಯಬಲ್ಲುದು. ಆದುದರಿಂದ ಊರುಗಳ ಪಟ್ಟಿಯನ್ನೇ ಒಂದು ಕೋಷ್ಟಕವಾಗಿಟ್ಟು, ಪ್ರತಿಯೊಂದು ಖಂಡವನ್ನೂ ಪ್ರತಿಯೊಂದು ಹೆಸರಿನೊಡನೆ ‘ಲೈಕ್’ ಮೂಲಕ ಜೋಡಿಸುವುದು ಯುಕ್ತ.

ಇಷ್ಟು ಸರಿಯೆ. ಆದರೆ ‘ಬೆಳ’ ಎಂದಷ್ಟೇ ಉಳಿದಿದೆಯೆಂದು ಇಟ್ಟುಕೊಂಡರೆ, ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳದೊಡನೆ ನಾಗಮಂಗಲ ತಾಲ್ಲೂಕಿನ ಬೆಳ್ಳೂರೂ ದೊರೆಯುತ್ತದೆ. ಕಲ್ಲನ್ನು ಕಂಡವರು ಇದನ್ನು ಒಪ್ಪರು. ‘ಳ’ ಬೇರೆ, ‘ಳ್ಳೂ’ ಬೇರೆ. ಯೂನಿಕೋಡ್ ಕ್ರಮದಲ್ಲಾದರೋ ವ್ಯಂಜನದೊಳಗಿನ ಅಕಾರಕ್ಕೆ ಪ್ರತ್ಯೇಕ ಸಂಕೇತವಿಲ್ಲ. ‘ಳ್ಳೂ’ ಎಂಬ ಒಂದೇ ಅಕ್ಷರ ನಾಲ್ಕು ಸಂಕೇತಗಳ ಸರಣಿ. ಹೀಗಿರುವಾಗ ಒಂದು ಸಂಕೇತಕ್ಕೆ ನಿಲ್ಲುವ ಅಡಿಗೆರೆಯನ್ನು ಲುಪ್ತವಾದ ಒಂದು ಅಕ್ಷರದ ಸ್ಥಾನದಲ್ಲಿ ಬಳಸುವುದೂ ಪ್ರಮಾದವೇ. ಇನ್ನು ಪಟ್ಟಿಯನ್ನು ಮಂಡ್ಯ ಜಿಲ್ಲೆಗೇ ಸೀಮಿತಗೊಳಿಸಿದಲ್ಲಿ ನೆರೆಯ ಶ್ರವಣಬೆಳಗೊಳ ಹೊರಗುಳಿಯುತ್ತದೆ. 1939ರಲ್ಲಿ ಹುಟ್ಟಿದ ಜಿಲ್ಲೆಯ ಮೇರೆಯನ್ನು ಹೊಯ್ಸಳರ ಕಾಲದ ದಾನಿಗಳು ಅರಿತಿರಲಿಲ್ಲ!

ದೊರೆತುದಕ್ಕಿಂತ ದೊರೆಯದುದರ ದೋಷವೇ ದೊಡ್ಡದು. ತೊಣ್ಣೂರು ಶಾಸನಗಳಲ್ಲಿ ತೊಂಡನೂರು. ಬಿಂದುವಿನ ಬದಲು ಣಕಾರದ ಒತ್ತಿನಿಂದ ಬರೆದಿದ್ದರೆ ಯಂತ್ರಕ್ಕೆ ಅದು ಮೂರನೆಯ ಊರು. 1894ರಲ್ಲಿ ರೈಸ್ ಅವರು ಇಲ್ಲಿಯ ಶಾಸನಗಳನ್ನು ಶ್ರೀರಂಗಪಟ್ಟಣ ತಾಲ್ಲೂಕಿನಡಿ ಅಚ್ಚುಮಾಡಿಸಿದರು. 1977ರ ಪರಿಷ್ಕೃತ ಆರನೆಯ ಸಂಪುಟದಲ್ಲಿ ಅವು ಪಾಂಡವಪುರಕ್ಕೆ ಸೇರಿವೆ. ಆ ಪಾಂಡವಪುರವಾದರೂ ಹಿಂದೆ ಹಿರೋಡೆ, ಬಳಿಕ ಫ್ರೆಂಚ್ ರಾಕ್ಸ್; ಕೃಷ್ಣರಾಜಪೇಟೆ ಹಿಂದಿನ ಅತ್ತಿಕುಪ್ಪೆ. ಖಂಡಹೋಲಿಕೆ ಎಷ್ಟೇ ಸಡಿಲವಾದರೂ ಅತ್ತಿಕುಪ್ಪೆಯಿಂದ ಕೃಷ್ಣರಾಜಪೇಟೆಗೆ ತಲುಪಲಾರದು. ಅದಕ್ಕೆ ನಾಮಾಂತರಗಳ ಬೇರೊಂದು ಕೋಷ್ಟಕವೇ ಬೇಕು, ಅದನ್ನು ಸಿದ್ಧಪಡಿಸತಕ್ಕವರು ವಿದ್ವಾಂಸರೇ.

ಕಲ್ಲಿನಲ್ಲಿ ಕಂಡ ಅಕ್ಷರಗಳೂ, ಒಪ್ಪಿದ ಹೆಸರುಗಳೆಲ್ಲವೂ, ಸಂಪಾದಕರ ಪೂರಣವೂ ಬೇರೆ ಬೇರೆ ಅಂಕಣಗಳಲ್ಲಿ ನಿಲ್ಲಬೇಕು. ಪೂರಣವನ್ನು ಮೂಲಪಾಠದೊಳಗೆ ಬೆರೆಸಿದಲ್ಲಿ, ಮುಂದಿನ ಶೋಧನೆಯಲ್ಲಿ ಅದೇ ಶಾಸನಸಾಕ್ಷ್ಯವಾಗಿ ಹಿಂದಿರುಗುತ್ತದೆ.