ರೆಕ್ಸಿನ್ ಕೆಳಗಿನ ಅಂಚು

ಮನೆಯಲ್ಲೇ ಕಟ್ಟಿದ ಕಾರು ನೋಡಲು ಹೋದವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಎಂಜಿನ್ ಯಾವುದು, ಗೇರ್‌ಬಾಕ್ಸ್ ಎಲ್ಲಿಂದ ತಂದಿರಿ, ವೆಲ್ಡಿಂಗ್ ಯಾರದ್ದು ಎಂದು ವಿಚಾರಿಸುತ್ತಾರೆ. ನನ್ನ ಮಟ್ಟಿಗೆ ಪರೀಕ್ಷೆ ಶುರುವಾಗುವುದು ಒಳಗೆ ಕೂತ ಮೇಲೆ. ಡ್ಯಾಶ್‌ಬೋರ್ಡಿನ ಕೆಳ ಅಂಚಿನ ಹಿಂದಕ್ಕೆ ಬೆರಳು ಹಾಕಿ ಈ ತುದಿಯಿಂದ ಆ ತುದಿಯವರೆಗೆ ಮೆಲ್ಲಗೆ ಸವರಿಕೊಂಡು ಹೋಗಬೇಕು. ರೆಕ್ಸಿನ್ ಎಲ್ಲಿ ಮುಗಿದಿದೆ, ಅದರೊಳಗೆ ಎಷ್ಟು ಫೋಮ್ ಇದೆ, ತಗಡನ್ನು ಮಡಿಸಿದ್ದಾರೋ ಕತ್ತರಿಸಿ ಹಾಗೇ ಬಿಟ್ಟಿದ್ದಾರೋ, ಎಲ್ಲವೂ ಬೆರಳಿಗೆ ತಿಳಿಯುತ್ತದೆ. ಕಟ್ಟಿದವನ ಕೈಗುಣ ಎಂಥದ್ದು ಎಂಬುದನ್ನು ಈ ಒಂದು ಗೇಣು ಜಾಗ ಹೇಳಿದಷ್ಟು ಎಂಜಿನ್ ಹೇಳುವುದಿಲ್ಲ.

ಇದು ಅಲಂಕಾರದ ಮಾತಲ್ಲ. ಡಿಕ್ಕಿಯಾದಾಗ ಕಾರು ನಿಲ್ಲುತ್ತದೆ, ಒಳಗಿದ್ದವರು ಮುಂದಕ್ಕೆ ಹೋಗುತ್ತಲೇ ಇರುತ್ತಾರೆ. ಬೆಲ್ಟ್ ಕಟ್ಟದಿದ್ದರೆ ತಲೆ ಹೋಗಿ ಮೇಲಿನ ಅಂಚಿಗೆ ಬಡಿಯುತ್ತದೆ. ಬೆಲ್ಟ್ ಕಟ್ಟಿದ್ದರೂ ಸಡಿಲವಾಗಿದ್ದರೆ ಸೊಂಟ ಮುಂದಕ್ಕೆ ಜಾರಿ ಮೊಣಕಾಲು ಕೆಳಗಿನ ಅಂಚಿಗೆ ತಾಗುತ್ತದೆ. ಮೂಳೆ ವೈದ್ಯರು ಡ್ಯಾಶ್‌ಬೋರ್ಡ್ ಇಂಜುರಿ ಎಂದೇ ಹೆಸರಿಟ್ಟ ಪೆಟ್ಟುಗಳಿವೆ. ಮಂಡಿಚಿಪ್ಪು ಒಡೆಯುತ್ತದೆ, ಮಂಡಿಯೊಳಗಿನ ಹಿಂಬದಿಯ ಲಿಗಮೆಂಟ್ ಹರಿಯುತ್ತದೆ, ತೊಡೆಮೂಳೆಯ ತಲೆ ಸೊಂಟದ ಕೀಲಿನಿಂದ ಹಿಂದಕ್ಕೆ ಕಳಚಿಕೊಳ್ಳುತ್ತದೆ. ಅಗಲವಾದ, ದುಂಡಗಿನ ಮೈಗೆ ತಾಗಿದರೆ ಹೊಡೆತ ಹಂಚಿಹೋಗುತ್ತದೆ. ಒಂದೂವರೆ ಮಿಲಿಮೀಟರ್ ದಪ್ಪದ ತಗಡಿನ ಅಂಚಿಗೆ ತಾಗಿದರೆ ಅಷ್ಟೂ ಬಲ ಒಂದೇ ಗೆರೆಯ ಮೇಲೆ ಬೀಳುತ್ತದೆ.

ಕಾರ್ಖಾನೆಗಳು ಈ ಪಾಠ ಕಲಿತಿದ್ದು ನಿಧಾನವಾಗಿ. ಡೆಟ್ರಾಯಿಟಿನ ಪ್ಲಾಸ್ಟಿಕ್ ಸರ್ಜನ್ ಕ್ಲೇರ್ ಸ್ಟ್ರೈತ್ ಕಾರಿನೊಳಗೆ ಮುಖ ಒಡೆದುಕೊಂಡು ಬಂದವರನ್ನು ಹೊಲಿದು ಹೊಲಿದು ಸಾಕಾಗಿ, ಡ್ಯಾಶ್‌ಬೋರ್ಡಿನ ಚೂಪುಗಳನ್ನು ತೆಗೆಯಿರಿ ಎಂದು 1930ರ ದಶಕದಲ್ಲೇ ಕಾರು ಕಂಪನಿಗಳ ಬೆನ್ನು ಬಿದ್ದ. 1937ರ ಡಾಡ್ಜ್ ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಗುಂಡಿಗಳು ಒಳಸರಿದದ್ದಕ್ಕೆ ಅವನ ಒತ್ತಾಯವೂ ಕಾರಣ. ಮೆತ್ತೆ ಹಾಕಿದ ಡ್ಯಾಶ್‌ಬೋರ್ಡನ್ನು ಫೋರ್ಡ್ 1956ರಲ್ಲಿ ಹೆಚ್ಚುವರಿ ದುಡ್ಡಿಗೆ ಕೊಟ್ಟಿತು. ಅಮೆರಿಕದಲ್ಲಿ ಕಾರಿನ ಒಳಭಾಗಕ್ಕೆ ಕಾನೂನು ಬಂದದ್ದು 1968ರಲ್ಲಿ.

ಡಾಡ್ಜ್ ಹೆಸರು ಮುಂಬಯಿಯ ನಮ್ಮ ಚೆಂಬೂರಿಗೆ ದೂರದ್ದಲ್ಲ. ಪಕ್ಕದ ಕುರ್ಲಾದಲ್ಲಿ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಆಟೊಮೊಬೈಲ್ಸ್ 1947ರಲ್ಲಿ ಜೋಡಿಸಲು ಶುರುಮಾಡಿದ್ದು ಕ್ರೈಸ್ಲರ್ ಕಂಪನಿಯ ಈ ಗಾಡಿಗಳನ್ನೇ. ಆಮೇಲೆ ಅಲ್ಲಿಂದಲೇ ಫಿಯಟ್ 1100 ಬಂತು, ಪದ್ಮಿನಿ ಬಂತು. ಹಳೆಯ ಫಿಯಟ್‌ನ ಡ್ಯಾಶ್‌ಬೋರ್ಡ್ ಬಣ್ಣ ಬಳಿದ ಗಟ್ಟಿ ತಗಡು; ಅದಕ್ಕೆ ತಲೆ ಬಡಿದರೆ ಕ್ಷಮೆ ಇರಲಿಲ್ಲ. ಆದರೂ ಅದರಲ್ಲಿ ಒಂದು ಗುಣವಿತ್ತು. ಪ್ರೆಸ್ಸಿನಲ್ಲಿ ಒತ್ತಿ ತೆಗೆದ ತಗಡಾದ್ದರಿಂದ ಅಂಚು ಒಳಕ್ಕೆ ತಿರುಗಿಕೊಂಡಿತ್ತು, ಕತ್ತರಿಸಿದ ಬಾಯಿ ಕೂತವರ ಕಡೆಗೆ ಮುಖ ಮಾಡಿರಲಿಲ್ಲ. 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿಗಳು ಮುಂಬಯಿ ರಸ್ತೆಯಿಂದ ಹೋದವು. ಅವುಗಳ ಕಾಲಕ್ಕೆ ಬೆಳೆದ ಟಿಂಕರಿಂಗ್‌ನವರು, ಕುಶನ್ ಕೆಲಸದವರು, ಹಳೆ ಸ್ಪೇರ್ ಪಾರ್ಟ್ ಅಂಗಡಿಯವರು ಮಾತ್ರ ಕುರ್ಲಾದ ಸಿಎಸ್‌ಟಿ ರಸ್ತೆಯ ಆಸುಪಾಸಿನಲ್ಲಿ ಇನ್ನೂ ಇದ್ದಾರೆ. 2014ರಲ್ಲಿ ಸಾಂತಾಕ್ರೂಜ್-ಚೆಂಬೂರು ಲಿಂಕ್ ರೋಡ್ ಆದಮೇಲೆ ಅಲ್ಲಿಗೆ ಹೋಗಿಬರುವುದೂ ಸುಲಭ. ಈ ಕಡೆ ಯಾರಾದರೂ ಜೀಪನ್ನೋ ರೋಡ್‌ಸ್ಟರನ್ನೋ ಕೈಯಾರೆ ಕಟ್ಟಿದರೆ ಒಳಗಿನ ಕೆಲಸಕ್ಕೆ ಸಹಜವಾಗಿ ಇವರ ಹತ್ತಿರವೇ ಬರುತ್ತಾರೆ.

ಅವರು ಮಾಡುವ ಕೆಲಸ ಕಣ್ಣಿಗೆ ಚೆಂದವೆಂಬುದರಲ್ಲಿ ಎರಡು ಮಾತಿಲ್ಲ. ಅಲ್ಯೂಮಿನಿಯಂ ಶೀಟನ್ನೋ ಪ್ಲೈವುಡ್ಡನ್ನೋ ಅಳತೆಗೆ ಕತ್ತರಿಸಿ, ಮೀಟರುಗಳಿಗೆ ತೂತು ಕೊರೆದು, ತೆಳು ಫೋಮ್ ಅಂಟಿಸಿ, ಮೇಲೆ ರೆಕ್ಸಿನ್ ಎಳೆದು, ಹಿಂದೆ ಮಡಿಸಿ ಅಂಟು ಹಾಕುತ್ತಾರೆ. ಅಂಚಿಗೆ ಕಪ್ಪು ರಬ್ಬರಿನ ಯು ಬೀಡಿಂಗ್ ತಟ್ಟಿ ಕೂರಿಸುತ್ತಾರೆ. ಸುಕ್ಕಿಲ್ಲ, ಗುಳ್ಳೆಯಿಲ್ಲ, ಹೊಲಿಗೆ ನೇರ. ನನ್ನ ತಕರಾರು ಈ ಕೆಲಸದ ಅಚ್ಚುಕಟ್ಟಿನ ಮೇಲಲ್ಲ, ಅದರ ಕ್ರಮದ ಮೇಲೆ. ಇಲ್ಲಿ ಅಂಚನ್ನು ಮುಚ್ಚಿದ್ದಾರೆ, ಅಂಚನ್ನು ಮಾಡಿಲ್ಲ. ಬೀಡಿಂಗ್ ಕಿತ್ತರೆ ಕೆಳಗೆ ಕತ್ತರಿ ಬಿಟ್ಟ ಹಾಗೇ ಇರುವ ತಗಡು, ಕೆಲವೊಮ್ಮೆ ಬೆರಳು ಗೀರುವ ಸಿಪ್ಪೆಯ ಸಮೇತ.

ಬೀಡಿಂಗ್ ಇದೆಯಲ್ಲ, ಸಾಕಲ್ಲ ಎನ್ನುವವರಿಗೆ ಅಂತರರಾಷ್ಟ್ರೀಯ ನಿಯಮ ಬಹಳ ಚೆನ್ನಾಗಿ ಉತ್ತರಿಸುತ್ತದೆ. ಕಾರಿನ ಒಳಭಾಗಕ್ಕೆ ಸಂಬಂಧಿಸಿದ್ದು ವಿಶ್ವಸಂಸ್ಥೆಯ 21ನೇ ನಿಯಮ. ಭಾರತದ ಮಾನದಂಡ ಎಐಎಸ್-047 ಕೂಡ ಅದೇ ದಾರಿಯದು. ಅದರಲ್ಲಿ ಒಂದು ಮಾತು ನನಗೆ ತುಂಬ ಇಷ್ಟ. ಗಟ್ಟಿ ಆಧಾರದ ಮೇಲೆ ಗಡಸುತನದ ಅಳತೆಯಲ್ಲಿ 50 ಶೋರ್ ಎ ಗಿಂತ ಮೆತ್ತಗಿನ ವಸ್ತು ಕೂರಿಸಿದ್ದರೆ, ದುಂಡು ಎಷ್ಟಿರಬೇಕೆಂಬ ಲೆಕ್ಕ ಅನ್ವಯಿಸುವುದು ಒಳಗಿನ ಗಟ್ಟಿ ಆಧಾರಕ್ಕೆ. ಅಂದರೆ ಪರೀಕ್ಷಕ ಮೆತ್ತೆಯನ್ನು ಮನಸ್ಸಿನಲ್ಲೇ ಸುಲಿದು ಹಾಕಿ ಒಳಗಿನದನ್ನು ಅಳೆಯುತ್ತಾನೆ. ಫೋಮ್ ಈ ಲೆಕ್ಕಕ್ಕೆ ಬರುವುದಿಲ್ಲ, ಮೆತ್ತನೆ ರಬ್ಬರೂ ಬರುವುದಿಲ್ಲ. ಇದು ಅನುಭವಕ್ಕೆ ಸರಿಯಾಗಿ ಹೊಂದುವ ಮಾತು. ಜೋರಾಗಿ ಒತ್ತಿದಾಗ ಅರ್ಧ ಇಂಚಿನ ಫೋಮ್ ಕಾಗದದಷ್ಟು ತೆಳ್ಳಗಾಗುತ್ತದೆ. ಕೊನೆಗೆ ಮೊಣಕಾಲಿಗೆ ಸಿಗುವುದು ತಗಡೇ.

ಅದೇ ನಿಯಮದ ಅಳತೆಗಳನ್ನೂ ಕಟ್ಟುವವರು ಗೋಡೆಗೆ ಬರೆದು ಅಂಟಿಸಿಕೊಳ್ಳಬೇಕು. ತಲೆ ತಾಗಬಹುದಾದ ಜಾಗದಲ್ಲಿ ಫಲಕದಿಂದ 3.2 ಮಿಲಿಮೀಟರಿಗಿಂತ ಹೆಚ್ಚು ಎದ್ದು ನಿಂತ ಯಾವುದರ ಅಂಚೂ ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಲ್ಲಿ ದುಂಡಾಗಿರಬೇಕು. ಡ್ಯಾಶ್‌ಬೋರ್ಡಿನ ಕೆಳ ಅಂಚಿಗೆ ಬೇಕಾದದ್ದು 19 ಮಿಲಿಮೀಟರ್ ತ್ರಿಜ್ಯ. ಅಷ್ಟು ದುಂಡಾಗಿಸದಿದ್ದರೆ, ಹೊಡೆತವನ್ನು ಆ ಭಾಗ ಹೀರಿಕೊಳ್ಳುತ್ತದೆಂದು ಪರೀಕ್ಷೆಯಲ್ಲಿ ತೋರಿಸಬೇಕು: ತಲೆಯ ಆಕಾರದ 6.8 ಕಿಲೋ ತೂಕವನ್ನು ಗಂಟೆಗೆ 24.1 ಕಿ.ಮೀ. ವೇಗದಲ್ಲಿ ಬಡಿಸಿದಾಗ ಅದರ ವೇಗ ತಗ್ಗುವ ರಭಸ 80 ಜಿ ಮೀರಿ 3 ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ಇರಬಾರದು. ಆ ಪರೀಕ್ಷೆ ಗ್ಯಾರೇಜಿನಲ್ಲಿ ಆಗದ ಮಾತು. 19 ಮಿಲಿಮೀಟರ್ ಮಾತ್ರ ಯಾವ ಗ್ಯಾರೇಜಿನಲ್ಲೂ ಆಗುವ ಮಾತು.

ಹೇಗೆಂದರೆ, ಒಂದೂವರೆ ಇಂಚು ಹೊರವ್ಯಾಸದ ಪೈಪಿನ ಅರ್ಧ ಅಳತೆ 19 ಮಿಲಿಮೀಟರಿಗೆ ಕೂದಲೆಳೆ ಹೆಚ್ಚು. ಅಂಥ ಪೈಪನ್ನು ವೈಸ್‌ಗೆ ಕಚ್ಚಿಸಿ, ಅದರ ಮೇಲೆ ಡ್ಯಾಶ್‌ಬೋರ್ಡಿನ ಶೀಟನ್ನು ಮರದ ಸುತ್ತಿಗೆಯಿಂದ ಸ್ವಲ್ಪ ಸ್ವಲ್ಪವೇ ತಟ್ಟುತ್ತ ಬಗ್ಗಿಸಿದರೆ ಅಂಚು ತಾನಾಗಿ ಬೇಕಾದ ದುಂಡಿಗೆ ಬರುತ್ತದೆ. ಅಲ್ಯೂಮಿನಿಯಂ ಬಿರಿಯುವ ಲಕ್ಷಣ ಕಂಡರೆ ಹದ ಮಾಡುವ ಹಳೆಯ ಉಪಾಯವಿದೆ. ಬಗ್ಗಿಸುವ ಜಾಗಕ್ಕೆ ಬಟ್ಟೆ ಸೋಪು ತಿಕ್ಕಿ ಬೆಂಕಿ ಹಿಡಿಯಬೇಕು. ಸೋಪು ಕಪ್ಪಾದ ಕೂಡಲೇ ಬೆಂಕಿ ತೆಗೆಯಬೇಕು. ಆರಿದ ಮೇಲೆ ಶೀಟು ಹೇಳಿದ ಹಾಗೆ ಕೇಳುತ್ತದೆ. ಕತ್ತರಿಸಿದ ಬಾಯಿ ಅರ್ಧ ಸುತ್ತು ತಿರುಗಿ ಫಲಕದ ಹಿಂದಕ್ಕೆ, ಯಾರ ಮೊಣಕಾಲೂ ತಲುಪದ ಕಡೆಗೆ ಹೋಗುತ್ತದೆ. ಅದಕ್ಕೆ ಅರ ಹಾಕಿ, ಪಾಲಿಶ್ ಪೇಪರಿನಿಂದ ತಿಕ್ಕಿ, ಆಮೇಲೆ ಫೋಮ್, ಆಮೇಲೆ ರೆಕ್ಸಿನ್. ಹೀಗೆ ಮಾಡಿದ ಅಂಚಿಗೆ ಬೀಡಿಂಗ್ ಬೇಕೇ ಆಗುವುದಿಲ್ಲ. ಈ ಕೆಲಸಕ್ಕೆ ಬೇಕಾದ ಕೈ ಕುರ್ಲಾದ ಯಾವ ಹಳೆಯ ಟಿಂಕರ್‌ಗೂ ಇದೆ. ಕೇಳುವವರು ಇಲ್ಲ, ಅಷ್ಟೇ. ಕಾರು ಕಟ್ಟುವವರು ನೇರವಾಗಿ ಕುಶನ್ ಅಂಗಡಿಗೆ ಹೋಗುತ್ತಾರೆ, ಟಿಂಕರನ್ನು ದಾಟಿಬಿಡುತ್ತಾರೆ. ಆ ದೋಷ ಕುಶನ್‌ನವನದಲ್ಲ, ಕೆಲಸ ಹಂಚಿದವನದು.

ಬರೀ ಅಂಟು ನಂಬಿದ ಅಂಚಿಗೆ ಮುಂಬಯಿಯ ಹವೆಯೂ ಶತ್ರು. ಮೇ ತಿಂಗಳ ಬಿಸಿಲಿಗೆ ನಿಂತ ತೆರೆದ ಕಾರಿನಲ್ಲಿ ಅಂಟು ಮೆತ್ತಗಾಗುತ್ತದೆ, ಬೀಡಿಂಗ್ ಮೂಲೆಗಳಿಂದ ಬಾಯಿ ಬಿಡಲು ಶುರು. ಜೂನ್‌ನಲ್ಲಿ ಆ ಬಾಯಿಗೆ ನೀರು ಇಳಿಯುತ್ತದೆ, ಫೋಮ್ ಅದನ್ನು ಕುಡಿದು ಇಟ್ಟುಕೊಳ್ಳುತ್ತದೆ, ಪ್ಲೈವುಡ್ ಉಬ್ಬುತ್ತದೆ, ಕಬ್ಬಿಣವಾದರೆ ತುಕ್ಕು ತಿನ್ನುತ್ತದೆ. ಹೊರಗಿನಿಂದ ರೆಕ್ಸಿನ್ ಹೊಸದರಂತೆಯೇ ಹೊಳೆಯುತ್ತಿರುತ್ತದೆ.

ಫೈಬರ್ ಗ್ಲಾಸಿನ ಕಥೆ ಬೇರೆ, ಅದು ಕನ್ನಡ ನಾಡಿಗೂ ಹತ್ತಿರದ್ದು. ಬೆಂಗಳೂರಿನ ಸಿಪಾನಿಯವರು 1970ರ ದಶಕದಲ್ಲಿ ಬಾದಲ್ ಎಂಬ ಮೂರು ಚಕ್ರದ ಫೈಬರ್ ಕಾರು ತಂದರು. 1982ರಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿದ ಡಾಲ್ಫಿನ್ ಬಂತು. ಅಲಿಬಾಗಿನ ಚಿಂಕಾರಾ ರೋಡ್‌ಸ್ಟರಿನ ಮೈಯೂ ಫೈಬರಿನದೇ. ಅಚ್ಚಿನಲ್ಲಿ ರೂಪಿಸುವ ವಸ್ತುವಾದ್ದರಿಂದ ದುಂಡು ಅಂಚು ಇಲ್ಲಿ ಪುಕ್ಕಟೆ ಸಿಗುತ್ತದೆ. ಅಚ್ಚು ಮಾಡುವಾಗಲೇ ಅಂಚನ್ನು ಒಳಕ್ಕೆ ತಿರುಗಿಸಿಬಿಡಬಹುದು. ಅಪಾಯ ಬರುವುದು ಆಮೇಲೆ, ಮೀಟರಿಗೋ ಸ್ಟೀರಿಯೋಗೋ ಎಂದು ಗರಗಸ ಹಾಕಿದಾಗ. ಕುಯ್ದ ಬಾಯಲ್ಲಿ ಗಾಜಿನ ಎಳೆಗಳು ಸೂಜಿಯಂತೆ ನಿಲ್ಲುತ್ತವೆ. ಅವನ್ನು ತಿಕ್ಕಿ, ರೆಸಿನ್ ಬಳಿದು ಮುಚ್ಚದೆ ಬಿಟ್ಟರೆ ಸವರಿದ ಕೈಗೆ ನಾಟಿಕೊಳ್ಳುತ್ತವೆ. ತೆಳುವಾದ ಫೈಬರ್ ಒಡೆದರಂತೂ ಚೂರು ಚೂರಾಗಿ ಚೂಪೇ. ಕೆಳ ಅಂಚಿನ ಒಳಗೆ ಹೆಚ್ಚುವರಿ ಪದರ ಕೊಡದ ಫೈಬರ್ ಡ್ಯಾಶ್‌ಬೋರ್ಡನ್ನು, ಅದು ಎಷ್ಟೇ ದುಂಡಗಿದ್ದರೂ, ನಾನು ಒಪ್ಪುವುದಿಲ್ಲ.

ಇಂಗ್ಲೆಂಡಿನಲ್ಲಿ ಮನೆಯಲ್ಲಿ ಕಾರು ಕಟ್ಟುವುದು ಹಳೆಯ ರೂಢಿ. 1957ರಲ್ಲಿ ಬಂದ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳಾಗಿ ಕೊಂಡರೆ ತೆರಿಗೆ ತಪ್ಪುತ್ತಿದ್ದುದರಿಂದ ಜನ ಮನೆಯಲ್ಲೇ ಜೋಡಿಸಿಕೊಂಡರು. ಈಗ ಅಲ್ಲಿ ಹೀಗೆ ಕಟ್ಟಿದ ಒಂದೊಂದು ಕಾರನ್ನೂ ಐವಿಎ ಎಂಬ ಪರೀಕ್ಷೆಗೆ ಒಡ್ಡಿಯೇ ರಸ್ತೆಗೆ ಬಿಡುತ್ತಾರೆ, ಒಳಗಿನ ಅಂಚುಗಳನ್ನೂ ನೋಡುತ್ತಾರೆ. ನಮ್ಮಲ್ಲಿ ಹವ್ಯಾಸಿಗೆ ಅಂಥ ಸುಲಭದ ದಾರಿ ಇಲ್ಲ. ನೋಂದಣಿಯಾದ ವಾಹನವನ್ನು ತಯಾರಕರ ವಿವರಣೆ ಮೀರಿ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟ ಹೇಳಿತು. 2021ರ ಕೊನೆಗೆ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆಯ ದತ್ತಾತ್ರೇಯ ಲೋಹಾರ ಗುಜರಿ ಸಾಮಾನಿನಿಂದ ಕಟ್ಟಿದ ಪುಟ್ಟ ಜೀಪನ್ನು ದೇಶವೇ ಮೆಚ್ಚಿತು. ಉದ್ಯಮಿ ಆನಂದ್ ಮಹೀಂದ್ರಾ ಕೂಡ ಮೆಚ್ಚಿದರು, ಆದರೆ ಅದು ನಿಯಮಗಳಿಗೆ ಹೊಂದುವುದಿಲ್ಲ ಎಂದೂ ಹೇಳಿ, ಬದಲಿಗೆ ಬೊಲೆರೊ ಕೊಟ್ಟರು. ಹೀಗಿರುವಾಗ ಖಾಸಗಿ ಜಾಗದಲ್ಲೋ ಟ್ರ್ಯಾಕಿನಲ್ಲೋ ಓಡುವ ಇಂಥ ಕಾರುಗಳ ಅಂಚಿಗೆ ಬೆರಳಿಡುವ ಅಧಿಕಾರಿ ಯಾರೂ ಇಲ್ಲ. ವಿದ್ಯಾವಿಹಾರದ ಸೋಮಯ್ಯ ಕಾಲೇಜಿನ ಓರಾಯನ್ ರೇಸಿಂಗ್‌ನಂಥ ವಿದ್ಯಾರ್ಥಿ ತಂಡಗಳು ಈ ಮಟ್ಟಿಗೆ ಅದೃಷ್ಟವಂತರು. ಸ್ಪರ್ಧೆಯ ತಾಂತ್ರಿಕ ತಪಾಸಣೆ ದಾಟದೆ ಅವರ ಕಾರು ಟ್ರ್ಯಾಕಿಗೆ ಇಳಿಯುವುದಿಲ್ಲ. ಹವ್ಯಾಸಿಗಳೂ ಇಂಥ ಹುಡುಗರಲ್ಲಿ ಒಬ್ಬರನ್ನು ಕರೆದು ತಮ್ಮ ಕಾರು ತೋರಿಸಬೇಕೆಂದು ನನ್ನ ಆಸೆ.

ಇನ್ನು ಡ್ಯಾಶ್‌ಬೋರ್ಡಿನ ಮೇಲೆ ಆಮೇಲೆ ಬಂದು ಕೂರುವ ವಸ್ತುಗಳು. ಗಣಪತಿಯ ವಿಗ್ರಹ, ಮೊಬೈಲ್ ಸ್ಟ್ಯಾಂಡ್, ಅತ್ತರಿನ ಶೀಷೆ, ಪುಟ್ಟ ಫ್ಯಾನ್. 9.5 ಮಿಲಿಮೀಟರಿಗಿಂತ ಹೆಚ್ಚು ಚಾಚಿದ ಗುಂಡಿಗಳು ಒತ್ತಡಕ್ಕೆ ಒಳಸರಿಯಬೇಕು ಇಲ್ಲವೇ ಕಳಚಿಕೊಳ್ಳಬೇಕು ಎನ್ನುತ್ತದೆ ಅದೇ 21ನೇ ನಿಯಮ. ಅಂಚನ್ನು ಅಷ್ಟು ಶ್ರದ್ಧೆಯಿಂದ ದುಂಡಾಗಿಸಿ, ಅದರ ಮೇಲೆ ಸ್ಕ್ರೂ ಹಾಕಿ ಹಿತ್ತಾಳೆಯ ವಿಗ್ರಹ ಬಿಗಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ದೇವರನ್ನು ಕೂರಿಸಲೇಬೇಕು ಅನ್ನುವವರ ಭಾವನೆ ನನಗೆ ಅರ್ಥವಾಗುತ್ತದೆ. ತಲೆ ತಲುಪದಂತೆ ಫಲಕದೊಳಗೇ ಒಂದು ಗೂಡು ಬಿಟ್ಟು, ಚಿಕ್ಕ ಪಟ ಕೂರಿಸಬಹುದು.

ಕಡೆಗೆ ಒಂದು ಅಳತೆ, ಇದನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಡ್ಯಾಶ್‌ಬೋರ್ಡಿನ ಬರೀ ಶೀಟನ್ನು ನಾಲ್ಕು ಸ್ಕ್ರೂಗಳಲ್ಲಿ ನಿಲ್ಲಿಸಿ, ಮನೆಯಲ್ಲಿ ಅತಿ ಎತ್ತರದವರನ್ನೂ ಅತಿ ಗಿಡ್ಡನೆಯವರನ್ನೂ ಸರದಿಯಲ್ಲಿ ಎಡಗಡೆಯ ಸೀಟಿಗೆ ಕೂರಿಸಬೇಕು. ಬೆಲ್ಟ್ ಕಟ್ಟಿ, ಮುಂದಕ್ಕೆ ಜಾರಲು ಹೇಳಿ, ಅವರ ಮಂಡಿ ಎಲ್ಲಿ ತಾಗುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಆ ಗುರುತಿನ ಮೇಲೆ ಬ್ರ್ಯಾಕೆಟ್ಟಿನ ಮೂಲೆ, ಗ್ಲೋವ್ ಬಾಕ್ಸಿನ ಚಿಲಕ, ಸ್ಕ್ರೂವಿನ ತುದಿ ಯಾವುದೂ ಬರದಂತೆ ನೋಡಿಕೊಂಡ ಮೇಲೆಯೇ ಕುಶನ್‌ನವನಿಗೆ ಫೋನ್ ಮಾಡಬೇಕು.