ಬೀದಿಯ ಹಿತ್ತಾಳೆ, ಸಭೆಯ ಸ್ಯಾಕ್ಸೋಫೋನ್

ಗುಬ್ಬಿಯ ಜಾತ್ರೆಯಲ್ಲೋ ಕುಣಿಗಲ್ಲಿನ ಮದುವೆ ದಿಬ್ಬಣದಲ್ಲೋ ತುಮಕೂರಿನ ಉರೂಸಿನಲ್ಲೋ ಬ್ಯಾಂಡ್‌ಸೆಟ್ ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಟ್ರೊಂಬೋನ್ ಹಿಡಿದವನ ಹೆಸರು ಕೇಳಿದರೆ ನಾವೆಲ್ಲ ಮೌನ. ಕದ್ರಿ ಗೋಪಾಲನಾಥರ ಹೆಸರು ಮಾತ್ರ ಎಲ್ಲರಿಗೂ ಗೊತ್ತು. ಎರಡೂ ವಾದ್ಯಗಳು ಪಶ್ಚಿಮದಿಂದ ಬಂದವೇ.

ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಹೀಗಾಗಲಿಲ್ಲ. ಅಲ್ಲಿಯ ಬೀದಿ ಬ್ಯಾಂಡುಗಳಿಂದಲೇ ಜಾಝ್ ಬೆಳೆಯಿತು. ಗಾಡಿಯ ಹಿಂಬದಿಯಲ್ಲಿ ಕೂತು ಕೊಳವೆ ಜಾರಿಸುತ್ತಿದ್ದ ಟ್ರೊಂಬೋನ್ ವಾದಕರ ಪರಂಪರೆಯ ಕಿಡ್ ಓರಿ, 1920ರ ದಶಕದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗರ ಧ್ವನಿಮುದ್ರಿಕೆಗಳಲ್ಲಿ ನುಡಿಸಿ ಇತಿಹಾಸ ಸೇರಿದ. ಅಲ್ಲಿ ಮುಂದಾಳು ಕಾರ್ನೆಟ್ಟಿನವನು; ಓರಿ ಕೆಳಸ್ಥಾಯಿಯಲ್ಲಿ ಅವನಿಗೆ ಒತ್ತಾಸೆ. ಆದರೂ ಹೆಸರು ಉಳಿಯಿತು.

1949ರಲ್ಲಿ ಬಂಟ್ವಾಳದ ಸಜಿಪಮೂಡದಲ್ಲಿ ಹುಟ್ಟಿದ ಗೋಪಾಲನಾಥರು ನಾಗಸ್ವರದ ಮನೆಯವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದರು. ಅಂದರೆ ಅವರಿಗೂ ಮೊದಲ ಪ್ರೇರಣೆ ಬ್ಯಾಂಡೇ! ನಮ್ಮ ಸಂಗೀತ ವಿಮರ್ಶಕರು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್, ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಿಂದ ಕಲಿತರು. 1980ರ ಮುಂಬಯಿ ಜಾಝ್ ಉತ್ಸವದಲ್ಲಿ ಜಾನ್ ಹ್ಯಾಂಡಿಯ ಜೊತೆ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್, 2004ರಲ್ಲಿ ಪದ್ಮಶ್ರೀ. 2019ರಲ್ಲಿ ತೀರಿಕೊಂಡರು.

ಟ್ರೊಂಬೋನಿನಲ್ಲಿ ಸ್ವರ ಜಾರಿಸುವುದು ಸಹಜ. ಸ್ಯಾಕ್ಸೋಫೋನಿನಲ್ಲಿ ಕೀಲಿಗಳಿವೆ, ಗಮಕವನ್ನು ತುಟಿ ಮತ್ತು ಉಸಿರಿನಿಂದಲೇ ದುಡಿದು ತೆಗೆಯಬೇಕು. ಗೋಪಾಲನಾಥರ ನಿಜವಾದ ಸಾಧನೆ ಇದು. ಆದರೆ ಜನ ಚಪ್ಪಾಳೆ ತಟ್ಟುತ್ತಿದ್ದುದು ಕದನಕುತೂಹಲದ 'ರಘುವಂಶ ಸುಧಾ'ಕ್ಕೆ. ಅದರ ಸ್ವರಗಳು ನೇರವಾಗಿ ಓಡುತ್ತವೆ. ವಾದ್ಯಕ್ಕೆ ಅಷ್ಟು ಶ್ರಮವಿಲ್ಲ. 'ಡ್ಯುಯೆಟ್' ಚಿತ್ರದ ಕಲ್ಯಾಣವಸಂತದಲ್ಲಿ ಸ್ವರ ಅಲುಗಿ ಕರಗುವಾಗ ನಾಗಸ್ವರದ ಮಗ ಕಾಣುತ್ತಾನೆ. ನಮಗೆ ಆ ಗೋಪಾಲನಾಥರು ಹೆಚ್ಚು ಇಷ್ಟ. ವೇಗದ ಕೃತಿಗಳನ್ನು ಕಛೇರಿಗಳಲ್ಲಿ ಅಷ್ಟೊಂದು ಮಾಡಬೇಕಿರಲಿಲ್ಲ ಎಂದರೆ ಅಭಿಮಾನಿಗಳು ಮುನಿಸಿಕೊಳ್ಳದಿರಲಿ.

ಷಹನಾಯಿಯೂ ಮದುವೆ ಮನೆಯದೇ. ಬಿಸ್ಮಿಲ್ಲಾ ಖಾನರು ಅದನ್ನು ಸಭೆಗೆ ತಂದರು, 1977ರ 'ಸನಾದಿ ಅಪ್ಪಣ್ಣ'ದ ಮೂಲಕ ನಮ್ಮ ಹಳ್ಳಿ ಟಾಕೀಸಿಗೂ ತಂದರು. ಅವರ ನಂತರವೂ ಮದುವೆಯಲ್ಲಿ ಊದುವವನು ಚಪ್ಪರದ ಹೊರಗೇ ಕೂತ. ಗೋಪಾಲನಾಥರಿಂದ ಸ್ಯಾಕ್ಸೋಫೋನಿಗೆ ಮರ್ಯಾದೆ ಬಂತು ಎನ್ನುತ್ತೇವೆ. ಸೆಟ್ಟಿನ ಸಮವಸ್ತ್ರ ತೊಟ್ಟು, ಜನರೇಟರಿನ ದೀಪದ ಹಿಂದೆ ನಡೆಯುತ್ತ ಅದೇ ವಾದ್ಯ ಊದುವವನಿಗೆ ಬಂತೇ? ಊಟದ ಪಂಕ್ತಿಯಲ್ಲಿ ಅವನು ಕೂರುವುದು ಇಂದಿಗೂ ಕೊನೆಗೆ.